ಮುಧೋಳ ನಾಯಿಯ ಮನೆಗೆ ಬಂದ ಮರಿ

ದೊಡ್ಡ ನಾಯಿ ಇರುವ ಮನೆಗೆ ಮರಿಯೊಂದನ್ನು ತರುವಾಗ ಎಲ್ಲರ ಕಣ್ಣೂ ಮರಿಯ ಮೇಲೆಯೇ ಇರುತ್ತದೆ. ಅದಕ್ಕೆ ಏನಾದರೂ ಆದೀತೇ ಎಂಬ ಅಂಜಿಕೆ ಸಹಜವೇ. ಆದರೆ ನಮ್ಮ ಭೈರ ಮತ್ತು ಚಿನ್ನಿಯನ್ನು ಒಂದೇ ಮನೆಯಲ್ಲಿ ಹೊಂದಿಸಿದ ಈ ತಿಂಗಳುಗಳಲ್ಲಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿರುವ ಮಾತೆಂದರೆ, ಹೊಂದಿಕೊಳ್ಳುವ ಕಷ್ಟವೆಲ್ಲ ಮೊದಲಿನಿಂದ ಇದ್ದ ನಾಯಿಯದು, ಆದ್ದರಿಂದ ನಾವು ಗಮನವಿಟ್ಟು ಓದಬೇಕಾದದ್ದು ಅದರ ಮೈಯನ್ನು.

ಭೈರ ಮುಧೋಳ ತಳಿಯವನು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ನಡೆಸುವ ಶ್ವಾನ ಸಂಶೋಧನಾ ಕೇಂದ್ರದಿಂದ ತಂದವನು. ಭುಜದ ಬಳಿ ಸುಮಾರು 70 ಸೆಂ.ಮೀ. ಎತ್ತರ, ಸಪೂರ ಸೊಂಟ, ಉದ್ದನೆಯ ಮೂತಿ. ಈ ತಳಿ ವಾಸನೆಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಬೇಟೆಯಾಡುವಂಥದ್ದು. ದೂರದಲ್ಲಿ ಸಣ್ಣದೇನಾದರೂ ಓಡಿದರೆ ಸಾಕು, ಅದು ಏನೆಂದು ಯೋಚಿಸುವ ಮೊದಲೇ ಕಾಲುಗಳು ಹೊರಟಿರುತ್ತವೆ. ಚಿನ್ನಿ ಪರಿಚಿತರ ಹಿತ್ತಲಿನಲ್ಲಿ ಹುಟ್ಟಿದ ನಾಡತಳಿಯ ಮರಿ, ಬಂದಾಗ ಎಂಟು ವಾರ ದಾಟಿತ್ತು, ತೂಕ ಮೂರು ಕಿಲೋ ಇದ್ದೀತು. ಹೀಗಾಗಿ ನಮ್ಮಲ್ಲಿ ಸ್ವಭಾವದ ಪ್ರಶ್ನೆಯ ಜೊತೆಗೆ ಗಾತ್ರದ ಪ್ರಶ್ನೆಯೂ, ಬೇಟೆಯ ರಕ್ತದ ಪ್ರಶ್ನೆಯೂ ಸೇರಿಕೊಂಡಿದ್ದವು.

ಮೊದಲ ಭೇಟಿ ಇಬ್ಬರಿಗೂ ಸೇರದ ಜಾಗದಲ್ಲಿ ಆಗಬೇಕು ಎನ್ನುವುದು ಬಲ್ಲವರ ಸಲಹೆ, ಅದು ಸರಿಯೂ ಹೌದು, ಏಕೆಂದರೆ ತನ್ನ ಅಂಗಳವನ್ನು ಕಾಯುವುದು ದೊಡ್ಡ ನಾಯಿಯ ಸ್ವಭಾವ. ಆದರೆ ನಮ್ಮ ಊರುಗಳಲ್ಲಿ ಇದನ್ನು ಕಣ್ಣುಮುಚ್ಚಿ ಪಾಲಿಸುವಂತಿಲ್ಲ. ಮರಿಗೆ ಆರರಿಂದ ಎಂಟನೆಯ ವಾರದಲ್ಲಿ ಆರಂಭವಾಗುವ ಲಸಿಕೆಗಳು ಮೂರು-ನಾಲ್ಕು ವಾರಕ್ಕೊಮ್ಮೆ ನಡೆದು ಸುಮಾರು ಹದಿನಾರನೆಯ ವಾರದವರೆಗೆ ಸಾಗುತ್ತವೆ. ಅಷ್ಟರೊಳಗೆ ಬೀದಿಗೆ, ಉದ್ಯಾನಕ್ಕೆ ಬಿಟ್ಟರೆ ಮರಿಗಳಿಗೆ ಮಾರಕವಾದ ವಾಂತಿಭೇದಿ ತರುವ ಪಾರ್ವೊ ವೈರಸ್ಸಿನ ಅಪಾಯವಿದೆ, ಅದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಆದ್ದರಿಂದ ನಾವು ಆರಿಸಿಕೊಂಡದ್ದು ನಾಯಿಗಳೇ ಇಲ್ಲದ ಬಂಧುಗಳ ಮನೆಯ, ಸುತ್ತಲೂ ಗೋಡೆಯಿರುವ ಹಿತ್ತಲನ್ನು. ಭೈರನ ಲಸಿಕೆಗಳು ಬಾಕಿ ಇಲ್ಲವೆಂದು ನೋಡಿಕೊಂಡು, ಇಬ್ಬರಿಗೂ ಜಂತಿನ ಔಷಧಿ ಹಾಕಿಸಿದ್ದೆವು. ಅದಕ್ಕೂ ಮೊದಲೇ ಚಿನ್ನಿ ಮಲಗಿದ್ದ ಬಟ್ಟೆಯ ತುಂಡನ್ನು ತಂದು ಭೈರನ ಹಾಸಿಗೆಯಿಂದ ತುಸು ದೂರದಲ್ಲಿ ಹಾಕಿದ್ದೆವು, ಅವನಾಗಿಯೇ ಬಂದು ಮೂಸಲಿ ಎಂದು.

ಆ ದಿನ ಬೆಳಿಗ್ಗೆ ಭೈರನಿಗೆ ಚೆನ್ನಾಗಿ ಓಡಾಟವಾಗಿತ್ತು. ದಣಿದ ಮೈಗೆ ತಾಳ್ಮೆ ಹೆಚ್ಚು. ಹಗ್ಗವನ್ನು ಸಡಿಲವಾಗಿ ಹಿಡಿಯಬೇಕೆಂಬುದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮ ಕೈ ಬಿಗಿದರೆ ಆ ಬಿಗಿತ ಹಗ್ಗದ ಮೂಲಕ ನೇರವಾಗಿ ನಾಯಿಯ ಕೊರಳಿಗೆ ತಲುಪುತ್ತದೆ. ಮರಿಯನ್ನು ಎತ್ತಿಕೊಂಡು ತೋರಿಸುವುದೂ ಒಳ್ಳೆಯದಲ್ಲ, ಎತ್ತರದಲ್ಲಿ ಒದ್ದಾಡುವ ವಸ್ತುವಿನತ್ತ ದೊಡ್ಡ ನಾಯಿ ಜಿಗಿಯುವುದು ಸಹಜ. ನಾವು ಚಿನ್ನಿಯನ್ನು ನೆಲಕ್ಕೆ ಬಿಟ್ಟು, ಇಬ್ಬರನ್ನೂ ಅಂತರವಿಟ್ಟು ಒಂದೇ ದಿಕ್ಕಿಗೆ ನಡೆಸಿದೆವು, ಮುಖಾಮುಖಿ ನಿಲ್ಲಿಸಲಿಲ್ಲ.

ಅನಂತರ ನಡೆದದ್ದನ್ನು ನಾನು ಹತ್ತಿರದಿಂದ ನೋಡಿದೆ. ಚಿನ್ನಿ ತೊದಲು ನಡಿಗೆಯಲ್ಲಿ ಅವನ ಮುಂಗಾಲುಗಳ ನಡುವೆ ನುಗ್ಗಿ, ಹಿಂಗಾಲಿನ ಮೇಲೆ ನಿಂತು, ಅವನ ಬಾಯಿಯ ಅಂಚನ್ನು ನೆಕ್ಕತೊಡಗಿತು. ಭೈರ ಮುಖ ತಿರುಗಿಸಿದ. ಮೂಗನ್ನು ಒಮ್ಮೆ ನೆಕ್ಕಿಕೊಂಡ, ಆಕಳಿಸಿದ. ನಿದ್ದೆ ಬಂದು ಆಕಳಿಸಿದ್ದಲ್ಲ. ಇವೆಲ್ಲ ‘ನನಗೆ ಸ್ವಲ್ಪ ಜಾಗ ಬೇಕು’ ಎನ್ನುವ ಸಭ್ಯ ಸೂಚನೆಗಳು. ಮರಿಗೆ ಅವು ತಿಳಿಯಲಿಲ್ಲ, ಮತ್ತೆ ಹಾರಿತು. ಆಗ ಭೈರನ ಮೈ ಒಂದು ಕ್ಷಣ ಸೆಟೆದು, ತೆರೆದಿದ್ದ ಬಾಯಿ ಮುಚ್ಚಿಕೊಂಡು, ಗಂಟಲಿನಿಂದ ಸಣ್ಣದೊಂದು ಗುರುಗುಟ್ಟುವಿಕೆ ಹೊರಟಿತು. ಚಿನ್ನಿ ತಕ್ಷಣ ಅಂಗಾತ ಬಿದ್ದು ಹೊಟ್ಟೆ ತೋರಿಸಿತು. ಭೈರ ಅದನ್ನು ಮೂಸಿ, ತಿರುಗಿ ಹೊರಟುಹೋದ.

‘ಏ ಭೈರಾ, ಸುಮ್ಮನಿರೋ!’ ಎಂದು ಮನೆಯ ಹಿರಿಯರು ಗದರಲು ಹೊರಟಿದ್ದರು, ನಾನು ಕೈಸನ್ನೆಯಿಂದ ತಡೆದೆ. ಗುರುಗುಟ್ಟಿದ್ದಕ್ಕೆ ಪದೇ ಪದೇ ಬೈಸಿಕೊಂಡ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆಯೇ ಹೊರತು ಅದರ ಕಿರಿಕಿರಿ ಹಾಗೆಯೇ ಉಳಿಯುತ್ತದೆ. ಮುಂದೊಂದು ದಿನ ಎಚ್ಚರಿಕೆಯನ್ನೇ ಕೊಡದೆ ಕಚ್ಚುತ್ತದೆ. ದೊಡ್ಡ ನಾಯಿಯ ಗುರುಗುಟ್ಟುವಿಕೆ, ಅದಕ್ಕೆ ಮರಿಯ ಹಿಂಜರಿಕೆ, ಆಮೇಲೆ ದೊಡ್ಡದು ತಾನಾಗಿ ದೂರ ಸರಿಯುವುದು, ಇಷ್ಟು ನಡೆದರೆ ಅಲ್ಲಿ ಪಾಠವೊಂದು ಮುಗಿದಿದೆ ಎಂದೇ ತಿಳಿಯಬೇಕು. ಎಷ್ಟು ಕಚ್ಚಿದರೆ ನೋಯುತ್ತದೆ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮರಿಗೆ ನಮಗಿಂತ ಚೆನ್ನಾಗಿ ಇನ್ನೊಂದು ನಾಯಿಯೇ ಕಲಿಸಬಲ್ಲದು. ಮರಿ ಕಿರುಚಿದ ಮೇಲೂ ದೊಡ್ಡದು ಬಿಡದಿದ್ದರೆ, ಅಥವಾ ಮರಿ ಮೂಲೆ ಸೇರಿ ಹೊರಬರದೆ ಹೋದರೆ ನಾವು ನಡುವೆ ಹೋಗಬೇಕು.

ನನಗೆ ನಿಜವಾದ ಭಯವಿದ್ದದ್ದು ಗುರುಗುಟ್ಟುವಿಕೆಯಲ್ಲಲ್ಲ, ಮೌನದಲ್ಲಿ. ಚಿನ್ನಿ ಅಂಗಳದ ಆ ತುದಿಯಿಂದ ಈ ತುದಿಗೆ ಓಡಿದಾಗ ಭೈರ ಕತ್ತನ್ನು ನೇರ ಮಾಡಿ, ರೆಪ್ಪೆ ಮಿಟುಕಿಸದೆ, ಸದ್ದಿಲ್ಲದೆ ನೋಡುತ್ತಿದ್ದ. ಅದು ಕೋಪದ ನೋಟವಲ್ಲ, ಬೇಟೆಯ ನೋಟ. ಇಂಥ ತಳಿಯನ್ನು ಸಾಕಿದವರು ಇವೆರಡನ್ನೂ ಬೇರೆ ಮಾಡಿ ಗುರುತಿಸಲೇಬೇಕು. ಆ ನೋಟ ನೆಡುವ ಮೊದಲೇ ಅವನ ಹೆಸರು ಕರೆದು, ಅವನು ತಿರುಗಿದ ಕೂಡಲೇ ಬೇಯಿಸಿದ ಮೊಟ್ಟೆಯ ತುಣುಕು ಕೊಡುವುದನ್ನು ದಿನವೂ ಮಾಡಿದೆವು. ಮರಿ ಓಡಾಡುವ ಹೊತ್ತಿನಲ್ಲೆಲ್ಲ ಭೈರನಿಗೆ ಉದ್ದ ಹಗ್ಗವಿರುತ್ತಿತ್ತು. ಇನ್ನೂ ತೀವ್ರವಾಗಿ ಬೆನ್ನಟ್ಟುವ ನಾಯಿಗಳಿಗೆ ಉಸಿರಾಟಕ್ಕೂ ತೇಕುವುದಕ್ಕೂ ತೊಂದರೆಯಾಗದಂತೆ ಮೂತಿಗೆ ಜಾಲರಿಯ ಕುಕ್ಕೆ ಹಾಕುವುದೂ ಸರಿಯಾದ ಕ್ರಮವೇ, ಅದರಲ್ಲಿ ಕ್ರೌರ್ಯವೇನಿಲ್ಲ.

ಊಟ ಬೇರೆ ಬೇರೆ ಕೋಣೆಗಳಲ್ಲಿ. ಉಂಡ ಮೇಲೆ ತಟ್ಟೆಗಳು ನೆಲದ ಮೇಲೆ ಉಳಿಯಬಾರದು. ಮೂಳೆ, ಒಣ ರೊಟ್ಟಿಯ ಚೂರು ಇಬ್ಬರೂ ಇರುವಲ್ಲಿ ಬೀಳಬಾರದು.

ನಿದ್ದೆಯ ವಿಷಯವನ್ನು ಮಾತ್ರ ಸ್ವಲ್ಪ ವಿವರಿಸಬೇಕು. ಈ ವಯಸ್ಸಿನ ಮರಿ ದಿನಕ್ಕೆ ಹದಿನೆಂಟರಿಂದ ಇಪ್ಪತ್ತು ಗಂಟೆ ಮಲಗಬೇಕು. ನಿದ್ದೆಗೆಟ್ಟ ಮರಿ ಹಠ ಹಿಡಿದ ಕೂಸಿನಂತೆ ಕಂಡಕಂಡದ್ದನ್ನೆಲ್ಲ ಕಚ್ಚುತ್ತದೆ, ಮತ್ತು ಅದರ ಸೂಜಿಯಂಥ ಹಾಲುಹಲ್ಲುಗಳಿಗೆ ಮೊದಲು ಸಿಗುವುದು ದೊಡ್ಡ ನಾಯಿಯ ಕಿವಿ. ಅದಕ್ಕಾಗಿ ಅಡುಗೆಮನೆಯ ಬಾಗಿಲಿಗೆ ಮರದ ಅಡ್ಡಗೇಟು ಹಾಕಿ, ಚಿನ್ನಿಯ ಹಾಸಿಗೆಯನ್ನು ಅದರಾಚೆ ಇಟ್ಟೆವು. ಪಡಸಾಲೆಯಲ್ಲಿ ಭೈರನ ಗೋಣಿತಟ್ಟು ಎಂದಿನಂತೆ ಅವನದೇ. ಅಲ್ಲಿಗೆ ಮರಿ ಹೋದರೆ ಎತ್ತಿಕೊಂಡು ಬರುವುದು ನಮ್ಮ ಕೆಲಸವಾಗಿತ್ತು, ಓಡಿಸುವುದು ಅವನ ಕೆಲಸವಾಗಲು ಬಿಡಲಿಲ್ಲ. ಅವನ ಬೆಳಗಿನ ತಿರುಗಾಟವೂ ಅವನೊಬ್ಬನದೇ ಆಗಿ ಮುಂದುವರಿಯಿತು. ಮರಿ ಬಂದದ್ದರಿಂದ ತನ್ನದೇನೂ ಹೋಗಲಿಲ್ಲ ಎಂದು ನಾಯಿಗೆ ತಿಳಿಯುವುದು ಇಂಥ ಉಳಿದ ರೂಢಿಗಳಿಂದಲೇ.

ಮರಿಗೆ ನಾಲ್ಕೈದು ತಿಂಗಳಾಗಿ ಹಾಲುಹಲ್ಲು ಉದುರುವ ಕಾಲಕ್ಕೆ ದೊಡ್ಡ ನಾಯಿ ಒಮ್ಮೆಲೇ ಬಿಗಿಯಾಯಿತೆಂದು ಹಲವರು ಗಾಬರಿಯಾಗುತ್ತಾರೆ, ಹೊಟ್ಟೆಕಿಚ್ಚೆಂದು ಹೆಸರಿಡುತ್ತಾರೆ. ಎಳೆಯ ಮರಿಗೆ ಕೊಟ್ಟಿದ್ದ ಸಲಿಗೆಯನ್ನು ದೊಡ್ಡವರು ಹಿಂದಕ್ಕೆ ಪಡೆಯುವ ಕಾಲ ಅದು, ಅಷ್ಟೇ. ನಮ್ಮಲ್ಲೂ ಅದು ಬಂದು ಹೋಯಿತು. ಈಗ ಭೈರ ಆಟಕ್ಕೆ ತಾನೇ ನೆಲಕ್ಕೆ ಮಲಗುತ್ತಾನೆ, ತನ್ನ ಎತ್ತರವನ್ನು ಬಿಟ್ಟುಕೊಟ್ಟು ಚಿನ್ನಿಯ ಮಟ್ಟಕ್ಕೆ ಇಳಿಯುತ್ತಾನೆ. ಸಮನಲ್ಲದ ಜೋಡಿಯಲ್ಲಿ ಇದಕ್ಕಿಂತ ಒಳ್ಳೆಯ ಲಕ್ಷಣ ನನಗೆ ಗೊತ್ತಿಲ್ಲ. ಆದರೂ ನಾವು ಹೊರಗೆ ಹೋಗುವಾಗ ಅಡ್ಡಗೇಟು ಮುಚ್ಚಿಯೇ ಇರುತ್ತದೆ. ಬಯಲಿನಲ್ಲಿ ಇಬ್ಬರನ್ನೂ ಒಟ್ಟಿಗೆ ಬಿಚ್ಚಿ ಓಡಲು ಬಿಡುವುದು ಚಿನ್ನಿ ಪೂರ್ತಿ ಬೆಳೆದ ಮೇಲೆ, ಭೈರ ಓಟದ ನಡುವೆಯೂ ನಮ್ಮ ಕರೆಗೆ ತಿರುಗುತ್ತಾನೆಂದು ಖಚಿತವಾದ ಮೇಲೆ.