ನಾಲ್ಕು ಜನರ ಭಾನುವಾರ

ಪುನರ್ವಸು ಮಳೆ ಹಿಡಿದು ನಾಲ್ಕನೇ ದಿನ. ಹೊಸನಗರ ಕಡೆಯ ನಮ್ಮೂರಲ್ಲಿ ಕರೆಂಟ್ ಹೋಗಿ ಎರಡು ದಿನವಾಗಿತ್ತು. ದಾರಿಗೆ ಅಕೇಶಿಯಾ ಮರ ಬಿದ್ದಿದೆ, ಶಿವಮೊಗ್ಗದಿಂದ ಬರೋಕಾಗಲ್ಲ ಅಂತ ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಬೆಳಿಗ್ಗೆಯೇ ಫೋನ್ ಮಾಡಿದರು. "ಇರೋರೇ ಸೇರಿ ಒಂದು ಭಾಗ ಓದಿ, ಪ್ರಾರ್ಥನೆ ಮಾಡಿ" ಅಂದರು.

ಇರೋರು ಅಂದರೆ ನಾಲ್ಕೇ ಜನ. ಅಜ್ಜಿ, ಎಸ್ಸೆಸ್ಸೆಲ್ಸಿ ಓದುವ ಅವರ ಮೊಮ್ಮಗಳು, ನಾನು, ಮತ್ತೆ ಡ್ರೈವರಣ್ಣ. ನಮ್ಮದು ಮೊದಲೇ ಆರು ಮನೆಯ ಸಭೆ. ಕ್ರಿಸ್ಮಸ್‌ಗೆ ಬಿಟ್ಟರೆ ಬೆಂಚು ತುಂಬುವುದಿಲ್ಲ. ಯಾರಾದರೂ ಹೊರಗಿನವರು ಬಂದರೆ ಬೈಬಲಿನ ಗಿದ್ಯೋನನ ಕಥೆ ಹೇಳಿ ಸಮಾಧಾನ ಮಾಡುತ್ತಾರೆ. ಯುದ್ಧಕ್ಕೆ ಅವನ ಜೊತೆ ಬಂದ 32,000 ಜನರನ್ನು ದೇವರು 300ಕ್ಕೆ ಇಳಿಸಿದ, ಆದರೂ ಗೆಲ್ಲಿಸಿದ ಅಂತ. ಕಥೆ ಚೆನ್ನಾಗಿದೆ. ಆದರೆ ಗಿದ್ಯೋನನ ಜನರನ್ನು ಕಳಿಸಿದ್ದು ದೇವರು, ನಮ್ಮವರನ್ನು ಕರೆದುಕೊಂಡು ಹೋಗಿದ್ದು ಬೆಂಗಳೂರು ಬಸ್ಸು. ಎರಡೂ ಒಂದೇ ಅಲ್ಲ, ಅಲ್ವಾ?

ಡ್ರೈವರಣ್ಣನಿಗೂ ನನಗೂ ಎರಡು ತಿಂಗಳಿಂದ ಮಾತಿರಲಿಲ್ಲ. ಮಳೆಗೆ ಮುಂಚೆ ಸಭೆಯ ಮಾಡಿನ ಹೆಂಚು ಸರಿ ಮಾಡಿಸಿದ್ದು ಅವರು. ಎಲ್ಲರೆದುರು ನಾನು "ಬಿಲ್ ಎಲ್ಲಿ?" ಅಂದಿದ್ದೆ. ಅಷ್ಟೇ.

ಕೀರ್ತನೆ ಶುರು ಮಾಡಿದ್ದು ಅಜ್ಜಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಪುಸ್ತಕ ಬಿಚ್ಚಿದರು, ಆದರೆ ನೋಡಲಿಲ್ಲ, ಬಾಯಿಪಾಠ. ಡ್ರೈವರಣ್ಣ ಬಾಗಿಲ ಹತ್ತಿರ ಕೂತು ಮಳೆ ನೋಡುತ್ತಿದ್ದರು. ಅವರದ್ದು ದಪ್ಪ ಗಂಟಲು. ಅದಿಲ್ಲದೆ ಹಾಡು ಹೆಂಚಿನ ಸದ್ದಿನಲ್ಲಿ ಮುಳುಗಿಹೋಯಿತು. ದೊಡ್ಡ ಸಭೆಯಲ್ಲಿ ಒಬ್ಬರು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಹಾಡಿನ ಕಾಲು ಭಾಗವೇ ಹೋಗುತ್ತದೆ.

"ಮತ್ತಾಯ ಹದಿನೆಂಟು ಓದೇ" ಅಂದರು ಅಜ್ಜಿ. ಅವರಿಗೆ ಬೇಕಿದ್ದದ್ದು 20ನೇ ವಚನ. ಇಬ್ಬರು ಮೂವರು ಸೇರಿದಲ್ಲಿ ನಾನಿದ್ದೇನೆ ಅಂತ ಯೇಸು ಹೇಳೋದು. ನಮ್ಮಂಥ ಸಭೆಗಳಿಗೆ ಅದು ಅನ್ನ ಇದ್ದ ಹಾಗೆ. ಹುಡುಗಿಗೆ ಗೊತ್ತಾಗದೆ 15ರಿಂದಲೇ ಓದಿದಳು. ಸಹೋದರ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಅವನ ಹತ್ತಿರ ಮಾತಾಡು. ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗು. ಸಭೆಗೆ ಹೇಳೋದು ಆಮೇಲೆ.

ಎಷ್ಟು ಸಲ ಕೇಳಿದ್ದೇನೋ. ಆ ಇಬ್ಬರು ಮೂವರ ಮಾತು ಬರೋದು ಜಗಳ ಬಗೆಹರಿಸುವ ಜಾಗದಲ್ಲಿ ಅಂತ ಅವತ್ತೇ ಹೊಳೆದದ್ದು. ನಾನು ಮೊದಲ ಎರಡು ಮೆಟ್ಟಿಲು ಬಿಟ್ಟು ನೇರವಾಗಿ ಮೂರನೆಯದಕ್ಕೆ ಹಾರಿದ್ದೆ. ಕಾಲೇಜಿಗೆ ಹೋಗುವಾಗ ಶಿವಮೊಗ್ಗದ ದೊಡ್ಡ ಚರ್ಚಿನಲ್ಲಿ ಯಾರ ಜೊತೆಗಾದರೂ ಮುನಿಸು ಬಂದರೆ ಬೇರೆ ಬೆಂಚಿಗೆ ಹೋಗಿ ಕೂರುತ್ತಿದ್ದೆ. ಇಲ್ಲಿ ಇಬ್ಬರು ಮುನಿಸಿಕೊಂಡರೆ ಅರ್ಧ ಸಭೆಯೇ ಮುನಿಸಿಕೊಂಡ ಹಾಗೆ.

ಅಜ್ಜಿಯ ಪ್ರಾರ್ಥನೆ ಉದ್ದ. ನಡುವೆ ಕಾಲಲ್ಲಿ ಏನೋ ತಣ್ಣಗೆ ಆಯಿತು. ಕಣ್ಣು ಬಿಟ್ಟರೆ ಹಿಮ್ಮಡಿಯ ಮೇಲೆ ಇಂಬಳ, ಅಂದರೆ ಜಿಗಣೆ, ಆಗಲೇ ರಕ್ತ ಕುಡಿದು ದ್ರಾಕ್ಷಿಯಷ್ಟಾಗಿತ್ತು. ಆಮೆನ್ ಆಗೋವರೆಗೆ ಹಲ್ಲು ಕಚ್ಚಿ ಕೂತೆ.

ಅಜ್ಜಿ, ಮೊಮ್ಮಗಳು ಕೊಡೆ ಬಿಚ್ಚಿ ಹೊರಟರು. ನಾನು ಕುಂಟುತ್ತಾ ಬಾಗಿಲ ಹತ್ತಿರ ಹೋದೆ.

"ಅಣ್ಣ, ಅವತ್ತು ಎಲ್ಲರೆದುರು ಹಾಗೆ ಕೇಳಬಾರದಿತ್ತು."

ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. ಜೇಬಿನಿಂದ ಎಲೆಯಡಿಕೆಯ ಸುಣ್ಣದ ಡಬ್ಬಿ ತೆಗೆದರು.

"ಮೊದಲು ಕಾಲು ಚಾಚು."

ಬೆರಳ ತುದಿಯಲ್ಲಿ ಸುಣ್ಣ ತಾಗಿಸಿದರು. ಇಂಬಳ ಮುದುರಿ ಬಿತ್ತು. ರಕ್ತ ಮಾತ್ರ ನಿಲ್ಲಲಿಲ್ಲ, ಅದು ಅಷ್ಟು ಬೇಗ ನಿಲ್ಲೋದೂ ಇಲ್ಲ.

"ಬಿಲ್ ಮನೇಲಿದೆ" ಅಂದರು, ಡಬ್ಬಿ ಮುಚ್ಚುತ್ತಾ. "ಊಟಕ್ಕೆ ಬಾ, ತೋರಿಸ್ತೀನಿ."