ಸೆರಾಂಪುರದ ಮನೆಯನ್ನು ನಡೆಸಿದ ಹನ್ನಾ ಮಾರ್ಷ್‌ಮನ್

ಇಂಗ್ಲೆಂಡಿನಿಂದ ಬಂದ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿ ಬಂಗಾಳದ ಸೆರಾಂಪುರದಿಂದ ಅಚ್ಚಾಗಿ ಹೊರಬಂದಿತೆಂಬುದು ನಮ್ಮ ಕ್ರೈಸ್ತ ಸಭೆಗಳ ಚರಿತ್ರೆಯಲ್ಲಿ ಆಸಕ್ತಿಯಿರುವವರಿಗೆಲ್ಲ ತಿಳಿದ ಸಂಗತಿ. ಸೆರಾಂಪುರ ಮಿಷನ್ನಿನ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಎಂಬ ಮೂವರ ಹೆಸರುಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ಈ ಮೂವರೂ ಒಂದೇ ಮನೆಯ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು, ಅವರ ಸಂಪಾದನೆಯೆಲ್ಲ ಒಂದೇ ಪೆಟ್ಟಿಗೆಗೆ ಸೇರುತ್ತಿತ್ತು, ಆ ಮೇಜನ್ನೂ ಆ ಪೆಟ್ಟಿಗೆಯ ದೊಡ್ಡ ಭಾಗವನ್ನೂ ಬರಿದಾಗದಂತೆ ನೋಡಿಕೊಂಡವರು ಜೋಶುವಾರ ಪತ್ನಿ ಹನ್ನಾ ಎಂಬುದನ್ನು ಹೇಳುವವರು ವಿರಳ. ಆಕೆಯನ್ನು ಈ ಮೂವರ ಸಾಲಿನಲ್ಲಿ ನಾಲ್ಕನೆಯವರಾಗಿ ಎಣಿಸಬೇಕೆಂಬುದು ನನ್ನ ಬಹುದಿನದ ಅಭಿಪ್ರಾಯ.

ಹನ್ನಾ ಶೆಫರ್ಡ್ ಹುಟ್ಟಿದ್ದು 1767ರಲ್ಲಿ, ಇಂಗ್ಲೆಂಡಿನಲ್ಲಿ. ಅವರ ಅಜ್ಜ ಜಾನ್ ಕ್ಲಾರ್ಕ್ ವಿಲ್ಟ್‌ಶೈರಿನ ಬ್ಯಾಪ್ಟಿಸ್ಟ್ ಸಭೆಯೊಂದರ ಪಾಲಕರಾಗಿದ್ದರು. ಆ ಅಜ್ಜನ ಮೇಲೆ ಅವರಿಗಿದ್ದ ಗೌರವವು ಮುಂದೆ ತಮ್ಮ ಮಗನಿಗೆ ಜಾನ್ ಕ್ಲಾರ್ಕ್ ಎಂದೇ ಹೆಸರಿಟ್ಟದ್ದರಲ್ಲಿ ಕಾಣುತ್ತದೆ. 1791ರಲ್ಲಿ ಅವರು ಮದುವೆಯಾದ ಜೋಶುವಾ ನೇಕಾರನೊಬ್ಬನ ಮಗ, ಸಿಕ್ಕಿದ ಪುಸ್ತಕವನ್ನೆಲ್ಲ ಓದಿ ತಾವೇ ವಿದ್ವಾಂಸರಾದವರು. ಮೂರು ವರ್ಷಗಳ ನಂತರ ದಂಪತಿಗಳು ಬ್ರಿಸ್ಟಲ್ ನಗರಕ್ಕೆ ಬಂದರು. ಅಲ್ಲಿ ಜೋಶುವಾ ಸಭೆಯವರು ಧರ್ಮಾರ್ಥವಾಗಿ ನಡೆಸುತ್ತಿದ್ದ ಶಾಲೆಯಲ್ಲಿ ಪಾಠ ಹೇಳುತ್ತ ತಮ್ಮದೊಂದು ಶಾಲೆಯನ್ನೂ ನಡೆಸಿದರು, ಸಂಸಾರ ನೆಮ್ಮದಿಯಾಗಿತ್ತು. ಇಂಡಿಯಾಕ್ಕೆ ಹೋಗಬೇಕೆಂಬ ಆಸೆ ಮೊದಲು ಮೂಡಿದ್ದು ಜೋಶುವಾರಲ್ಲಿಯೇ ಹೊರತು ಹನ್ನಾರಲ್ಲಿ ಅಲ್ಲ. ಎಳೆಯ ಮಕ್ಕಳನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ಕಡಲ ಮೇಲಿದ್ದು ಯಾರೂ ಬಲ್ಲವರಿಲ್ಲದ ನಾಡಿಗೆ ಹೋಗುವ ವಿಚಾರಕ್ಕೆ ಅವರು ಹಿಂಜರಿದರು. ಈ ಹಿಂಜರಿಕೆಯನ್ನು ನಾನು ಅವಿಶ್ವಾಸವೆಂದು ತಿಳಿಯುವುದಿಲ್ಲ. ಹೋಗುವುದರ ಬೆಲೆಯನ್ನು ಯಾರು ತೆರಬೇಕಾಗುತ್ತದೆಂಬುದು ತಾಯಿಯಾದವರಿಗೆ ಮೊದಲೇ ಗೊತ್ತಿರುತ್ತದೆ, ಗೊತ್ತಿದ್ದೂ ಅವರು ಹಡಗು ಹತ್ತಿದರು.

1799ರ ಅಕ್ಟೋಬರ್ 13ರಂದು ಅವರು ವಾರ್ಡ್ ಮತ್ತಿತರ ಜೊತೆಗಾರ ಮಿಷನರಿಗಳೊಡನೆ ಹೂಗ್ಲಿ ನದಿಯ ದಂಡೆಯಲ್ಲಿದ್ದ ಸೆರಾಂಪುರದಲ್ಲಿ ಇಳಿದರು. ಈಸ್ಟ್ ಇಂಡಿಯಾ ಕಂಪನಿಯು ತನ್ನ ನೆಲದಲ್ಲಿ ಮಿಷನರಿಗಳನ್ನು ಸಹಿಸುತ್ತಿರಲಿಲ್ಲವಾದ್ದರಿಂದ, ಡೆನ್ಮಾರ್ಕ್ ದೇಶದ ಅಧೀನದಲ್ಲಿದ್ದ ಈ ಪುಟ್ಟ ಪಟ್ಟಣದ ಗವರ್ನರ್ ಓಲೆ ಬೀ ಅವರ ಆಶ್ರಯವೇ ಅವರಿಗೆ ಗತಿಯಾಗಿತ್ತು. ಬಂದು ಮೂರು ವಾರ ಕಳೆಯುವುದರೊಳಗೆ ಜೊತೆಗಾರ ವಿಲಿಯಂ ಗ್ರಾಂಟ್ ಪತ್ನಿಯನ್ನೂ ಮಕ್ಕಳನ್ನೂ ಬಿಟ್ಟು ಜ್ವರದಿಂದ ತೀರಿಕೊಂಡರು. ಮುಂದಿನ ಎರಡು ವರ್ಷಗಳಲ್ಲಿ ಫೌಂಟೇನ್, ಬ್ರನ್ಸ್‌ಡನ್, ಥಾಮಸ್ ಎಂಬ ಮಿಷನರಿಗಳೂ ಒಬ್ಬರ ಹಿಂದೆ ಒಬ್ಬರು ತೀರಿಹೋದರು. ಹೀಗೆ ಮಿಷನ್ ಮನೆಯು ವಿಧವೆಯರ ಮತ್ತು ತಂದೆಯಿಲ್ಲದ ಮಕ್ಕಳ ಮನೆಯೂ ಆಯಿತು.

1800ರ ಜನವರಿಯಲ್ಲಿ ಕೇರಿಯವರು ತಮ್ಮ ಸಂಸಾರದೊಡನೆ ಬಂದು ಸೇರಿಕೊಂಡರು. ಅವರ ಪತ್ನಿ ಡೊರೊಥಿ, ಐದು ವರ್ಷದ ಮಗ ಪೀಟರ್ 1794ರಲ್ಲಿ ತೀರಿಕೊಂಡ ಮೇಲೆ ಮನಸ್ಸಿನ ಸ್ಥಿಮಿತವನ್ನು ಕಳೆದುಕೊಂಡಿದ್ದರು. ಫೀಲಿಕ್ಸ್, ವಿಲಿಯಂ, ಜಬೇಜ್, ಜೋನಾಥನ್ ಎಂಬ ನಾಲ್ವರು ಗಂಡುಮಕ್ಕಳು ಕೇಳುವವರಿಲ್ಲದೆ ಬೆಳೆಯುತ್ತಿದ್ದರು. ಹಿರಿಯನಿಗೆ ಹದಿಹರೆಯ, ಕಿರಿಯನಿಗೆ ಇನ್ನೂ ಅಕ್ಷರಾಭ್ಯಾಸದ ವಯಸ್ಸು. ತಂದೆ ಹಗಲಿರುಳು ಭಾಷಾಂತರದಲ್ಲಿ ಮುಳುಗಿದ್ದವರು, ಸ್ವಭಾವದಲ್ಲಿ ಬಹಳ ಮೃದು. ಮಕ್ಕಳು ಕೈಮೀರುತ್ತಿದ್ದುದನ್ನು ಕಂಡು ಮರುಗುತ್ತಿದ್ದರೇ ಹೊರತು ಗದರಿಸಿ ತಿದ್ದುವುದು ಅವರಿಂದಾಗುತ್ತಿರಲಿಲ್ಲವೆಂದು ಹನ್ನಾ ತಾವೇ ಬರೆದಿದ್ದಾರೆ. ಆ ಮಕ್ಕಳನ್ನು ಮಾರ್ಷ್‌ಮನ್ ದಂಪತಿಗಳೂ ವಾರ್ಡ್ ಅವರೂ ತಮ್ಮವರೆಂದು ತೆಗೆದುಕೊಂಡರು. ಊಟದ ಹೊತ್ತು, ಪಾಠದ ಹೊತ್ತು, ಪ್ರಾರ್ಥನೆಯ ಹೊತ್ತು ಎಂಬ ಶಿಸ್ತು ಅವರಿಗೆ ಸಿಕ್ಕಿದ್ದು ಆಗಲೇ. ಫೀಲಿಕ್ಸ್ ಮುಂದೆ ಬರ್ಮಾಕ್ಕೆ ಮೊದಲ ಮಿಷನರಿಗಳಲ್ಲಿ ಒಬ್ಬನಾಗಿ ಹೋದನು, ವಿಲಿಯಂ ಮತ್ತು ಜಬೇಜ್ ಸಹ ಸೇವೆಗೆ ಇಳಿದರು. ಕೇರಿಯವರ ಮಕ್ಕಳ ಬಗ್ಗೆ ನಾವು ಪ್ರಸಂಗಗಳಲ್ಲಿ ಹೆಮ್ಮೆಯಿಂದ ಹೇಳುವಾಗ, ಅವರ ಬಟ್ಟೆಬರೆ ನೋಡಿ ತಲೆ ಬಾಚಿ ಪಾಠಕ್ಕೆ ಕೂರಿಸಿದವರ ಹೆಸರನ್ನೂ ಹೇಳುವುದು ನ್ಯಾಯ. ಡೊರೊಥಿಯವರು 1807ರಲ್ಲಿ ತೀರಿಕೊಳ್ಳುವವರೆಗೂ ಅದೇ ಆವರಣದಲ್ಲಿ, ಬಹುಕಾಲ ಕೋಣೆಯೊಳಗೇ ಉಳಿದರು.

1800ರ ಮೇ 1ರಂದು ಹನ್ನಾ ಮತ್ತು ಜೋಶುವಾ ವಸತಿ ಶಾಲೆಯನ್ನು ತೆರೆದರು. ಕಲ್ಕತ್ತೆಯ ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳ ಮಕ್ಕಳು ಶುಲ್ಕ ಕೊಟ್ಟು ಅಲ್ಲಿಗೆ ಬಂದರು. ತಿಂಗಳೊಪ್ಪತ್ತಿನಲ್ಲಿ ಬಂಗಾಳಿ ಬಾಲಕರಿಗಾಗಿ ಶುಲ್ಕವಿಲ್ಲದ ಶಾಲೆಯೂ ಆರಂಭವಾಯಿತು. ವಸತಿ ಶಾಲೆಯೆಂದರೆ ಪಾಠ ಮಾತ್ರವಲ್ಲ. ಹಾಸಿಗೆ, ಊಟ, ಜ್ವರ, ಒಗೆಯುವ ಬಟ್ಟೆ, ತಂದೆತಾಯಿಗಳಿಗೆ ಬರೆಯುವ ಪತ್ರ, ಬಾಕಿ ಉಳಿದ ಶುಲ್ಕ ಎಲ್ಲವೂ ಅದರಲ್ಲಿ ಸೇರಿದೆ. ಈ ಶಾಲೆಗಳ ಗಳಿಕೆಯು, ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಿಂದ ಕೇರಿಯವರಿಗೆ ಬರುತ್ತಿದ್ದ ಸಂಬಳ ಹಾಗೂ ವಾರ್ಡ್ ಅವರ ಮುದ್ರಣಾಲಯದ ಆದಾಯದೊಡನೆ ಸೇರಿ, ಸೆರಾಂಪುರ ಮಿಷನ್ನನ್ನು ವರ್ಷಗಟ್ಟಲೆ ನಿಲ್ಲಿಸಿತು. ದಂಪತಿಗಳು ಮನೆಖರ್ಚಿಗೆ ಸಣ್ಣ ಮೊತ್ತವನ್ನು ಇಟ್ಟುಕೊಂಡು ಉಳಿದುದನ್ನೆಲ್ಲ ಸಾಮಾನ್ಯ ನಿಧಿಗೆ ಒಪ್ಪಿಸಿದರು. ಜ್ಞಾನೋಕ್ತಿಗಳ 31ನೆಯ ಅಧ್ಯಾಯವನ್ನು ನಾವು ಮದುವೆಗಳಲ್ಲಿ ಓದುತ್ತೇವೆ. ಅಲ್ಲಿಯ ಗುಣವತಿಯು ಹೊಲವನ್ನು ನೋಡಿ ವಿಚಾರಿಸಿ ಕೊಳ್ಳುತ್ತಾಳೆ, ತನ್ನ ಸಂಪಾದನೆಯಿಂದ ದ್ರಾಕ್ಷಾತೋಟವನ್ನು ನೆಡುತ್ತಾಳೆ. ಈ ವಚನವನ್ನು ನಮ್ಮ ಬೋಧಕರು ಬೇಗ ದಾಟಿಬಿಡುತ್ತಾರೆ. ಹನ್ನಾ ಅವರ ಬದುಕನ್ನು ಓದುವಾಗಲೆಲ್ಲ ನನಗೆ ಅದೇ ವಚನ ನೆನಪಾಗುತ್ತದೆ. ವಾರ್ಡ್ ತಮ್ಮ ದಿನಚರಿಯಲ್ಲಿ ಜೋಶುವಾರ ಶ್ರದ್ಧೆಯನ್ನೂ ವಿವೇಕವನ್ನೂ ಹೊಗಳುತ್ತ, ವಿವೇಕದಲ್ಲಿ ಪತ್ನಿಯೂ ಅಷ್ಟೇ ಅಸಾಧಾರಣರೆಂದು ಬರೆದರು. ಒಂದೇ ಸೂರಿನಡಿ ಇದ್ದವರ ಸಾಕ್ಷಿಯಾದ್ದರಿಂದ ಅದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

1800ರ ಡಿಸೆಂಬರ್ 28ರಂದು ಮಿಷನ್ನಿನ ಮೊದಲ ಬಂಗಾಳಿ ವಿಶ್ವಾಸಿಯಾದ ಬಡಗಿ ಕೃಷ್ಣ ಪಾಲ್ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಹೊಂದಿದರು. ಫೀಲಿಕ್ಸ್ ಕೇರಿಗೂ ಅಂದೇ ದೀಕ್ಷಾಸ್ನಾನವಾಯಿತು. ಅದೇ ಹೊತ್ತಿನಲ್ಲಿ ಮನೆಯ ಒಂದು ಕಡೆ ಡೊರೊಥಿ, ಇನ್ನೊಂದು ಕಡೆ ಸಂತೋಷದ ಭರದಲ್ಲಿ ಬುದ್ಧಿ ಕದಡಿದ್ದ ವೈದ್ಯ ಥಾಮಸ್ ಕೂಗಿಕೊಳ್ಳುತ್ತಿದ್ದರು. ಕೃಷ್ಣ ಪಾಲರ ನಾದಿನಿ ಜಯಮಣಿ ಮುಂದಿನ ತಿಂಗಳು ದೀಕ್ಷಾಸ್ನಾನ ಪಡೆದು ಆ ಸಭೆಯ ಮೊದಲ ಬಂಗಾಳಿ ಸ್ತ್ರೀ ಸದಸ್ಯೆಯಾದರು. ಗಂಡಸರು ಕಾಲಿಡಲಾಗದ ಅಂತಃಪುರಗಳಿದ್ದ ಆ ಕಾಲದಲ್ಲಿ ಸ್ತ್ರೀಯರೊಡನೆ ಕುಳಿತು ಮಾತಾಡುವುದು ಸ್ತ್ರೀಯರಿಂದಲೇ ಸಾಧ್ಯವಿತ್ತು, ಮಿಷನ್ನಿನಲ್ಲಿ ಆ ಕೆಲಸಕ್ಕೆ ನಾಂದಿ ಹಾಡಿದವರು ಹನ್ನಾ. 1820ರ ದಶಕದಲ್ಲಿ ಸೆರಾಂಪುರದ ಸುತ್ತಮುತ್ತ ಬಂಗಾಳಿ ಹೆಣ್ಣುಮಕ್ಕಳಿಗಾಗಿ ಶಾಲೆಗಳು ತೆರೆದಾಗ ಅವುಗಳ ಮುಂದಾಳತ್ವದಲ್ಲಿಯೂ ಅವರಿದ್ದರು.

ಇಷ್ಟೆಲ್ಲ ಮಕ್ಕಳನ್ನು ಸಾಕಿದ ಹನ್ನಾ ತಾವೇ ಹೆತ್ತದ್ದು 12 ಮಕ್ಕಳನ್ನು. ಅವರಲ್ಲಿ ಐವರು ಮಾತ್ರ ತಂದೆಯ ಕಾಲಾನಂತರವೂ ಬದುಕಿದ್ದರು. ಇದನ್ನು ಒಂದು ವಾಕ್ಯದಲ್ಲಿ ಬರೆದು ಮುಂದೆ ಹೋಗುವುದು ನನಗೆ ಕಷ್ಟವಾಗುತ್ತದೆ. ಆ ದುಃಖಗಳು ಬಂದ ದಿನಗಳಲ್ಲಿಯೂ ಶಾಲೆಯ ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಊಟವಾಗಬೇಕಾಗಿತ್ತು. ಉಳಿದವರಲ್ಲಿ ಜಾನ್ ಕ್ಲಾರ್ಕ್ 1818ರಲ್ಲಿ ಬಂಗಾಳಿ ಪತ್ರಿಕೆ ‘ಸಮಾಚಾರ ದರ್ಪಣ’ದ ಸಂಪಾದಕನಾದನು. ತಾಯಿಯ ಹೆಸರನ್ನೇ ಹೊತ್ತ ಮಗಳು 1829ರಲ್ಲಿ ಸೈನ್ಯಾಧಿಕಾರಿ ಹೆನ್ರಿ ಹ್ಯಾವ್‌ಲಾಕ್‌ರನ್ನು ಮದುವೆಯಾದಳು.

ಕೊನೆಯ ವರ್ಷಗಳು ಸುಲಭವಾಗಿರಲಿಲ್ಲ. ಸಂಪಾದಿಸಿದುದನ್ನೆಲ್ಲ ಮಿಷನ್ನಿಗೆ ಕೊಟ್ಟಿದ್ದ ಈ ಕುಟುಂಬದ ಮೇಲೆಯೇ ಹಣ ಕೂಡಿಟ್ಟುಕೊಂಡರೆಂಬ ಅಪವಾದ ಬಂತು, ಮತ್ತು 1827ರಲ್ಲಿ ಸೆರಾಂಪುರಕ್ಕೂ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿಗೂ ಸಂಬಂಧ ಕಡಿಯಿತು. ಮಾತಿನ ಯುದ್ಧವನ್ನು ಜೋಶುವಾ ಬ್ರಿಟನ್ನಿನಲ್ಲಿ ಮಾಡುತ್ತಿದ್ದಾಗ ಸೆರಾಂಪುರದ ಶಾಲೆಗಳು ಎಂದಿನಂತೆ ನಡೆಯುತ್ತಿದ್ದವು. 1836ರಲ್ಲಿ ಹಿಮಾಲಯದ ತಪ್ಪಲಿನ ಲಂಡೂರಿನಲ್ಲಿ ಮಗಳ ಬಂಗಲೆಗೆ ಬೆಂಕಿ ಬಿದ್ದು ಎಳೆಗೂಸು ತೀರಿಕೊಂಡಿತು, ಮಗಳೂ ತೀವ್ರವಾಗಿ ಸುಟ್ಟುಕೊಂಡಳು. ಆ ಸುದ್ದಿಯ ಆಘಾತದಿಂದ ಜೋಶುವಾ ಚೇತರಿಸಿಕೊಳ್ಳಲೇ ಇಲ್ಲ, 1837ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಬಳಿಕ ಹನ್ನಾ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದು 1847ರ ಮಾರ್ಚ್‌ನಲ್ಲಿ ಸೆರಾಂಪುರದಲ್ಲಿಯೇ ನಿದ್ರೆಹೋದರು.

ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ, ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಓದಿದ ನಮ್ಮ ಸಭಾಪಾಲಕರು ಇಂದಿಗೂ ಸೆರಾಂಪುರದ ಹೆಸರಿನ ದೈವಶಾಸ್ತ್ರ ಪದವಿಯನ್ನೇ ಪಡೆಯುತ್ತಾರೆ. ಅವರ ಮನೆಗಳಲ್ಲಿ ಪಾಸ್ಟರಮ್ಮಂದಿರು ಭಾನುವಾರ ಶಾಲೆ ನಡೆಸುತ್ತಾರೆ, ಸ್ತ್ರೀ ಸಮಾಜದ ಲೆಕ್ಕ ಬರೆಯುತ್ತಾರೆ, ಹೇಳದೆ ಬಂದ ಅತಿಥಿಗೂ ಅನ್ನ ಬಡಿಸುತ್ತಾರೆ. ಕೆಲವರು ಶಾಲಾ ಶಿಕ್ಷಕಿಯರಾಗಿ ದುಡಿದು ಮನೆಯ ಸಾಲವನ್ನೂ ತೀರಿಸುತ್ತಾರೆ. ಸಭೆಯ ವಾರ್ಷಿಕ ವರದಿಯಲ್ಲಿ ಅವರಿಗೆ ಸಿಗುವುದು ಕೃತಜ್ಞತೆಯ ಒಂದು ಸಾಲು. ವರದಿ ಬರೆಯುವ ಕಾರ್ಯದರ್ಶಿಗಳಲ್ಲಿ ನನ್ನ ವಿನಂತಿಯಿಷ್ಟೇ: ಆ ಸಾಲನ್ನು ಬಿಟ್ಟು, ಯಾರು ಯಾವ ಕೆಲಸ ಮಾಡಿದರು, ಎಷ್ಟು ಮಕ್ಕಳಿಗೆ ಪಾಠ ಹೇಳಿದರು, ಎಷ್ಟು ಹಣ ಕೂಡಿಸಿದರು ಎಂಬುದನ್ನು ಅವರ ಹೆಸರಿನೊಡನೆಯೇ ಸೇವೆಯ ಪಟ್ಟಿಯಲ್ಲಿ ಬರೆಯಿರಿ.