ಕರ್ತೃ ಎಲ್ಲಿ?

ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ರಂದು. ಮುಂದಿನ ತಿಂಗಳು ಮಳೆಯೊಂದಿಗೆ ಶಾಲೆ ತೆರೆದಾಗ ನಾನು ಎಂಟನೆಯ ತರಗತಿಯ ಕನ್ನಡ ವಿಭಾಗದಲ್ಲಿ ಕುಳಿತಿದ್ದೆ. ನಮ್ಮ ತರಗತಿಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಹೀಗೆ ಒಂದೊಂದು ಬೆಂಚಿಗೆ ಒಂದೊಂದು ಮನೆಮಾತು. ಪುಸ್ತಕದಲ್ಲಿದ್ದ ಕನ್ನಡ ಮಾತ್ರ ಯಾರ ಮನೆಯಲ್ಲೂ ಇರಲಿಲ್ಲ. ಅದನ್ನು ನಾವೆಲ್ಲರೂ ಶಾಲೆಯಲ್ಲಿ, ವೇಷವಿಲ್ಲದೆ ಕುಳಿತು ಹಾಡು–ಮಾತುಗಳಲ್ಲೇ ನಡೆಸುವ ಯಕ್ಷಗಾನವಾದ ಮಳೆಗಾಲದ ತಾಳಮದ್ದಳೆಗಳಲ್ಲಿ ಕೇಳಿ ಕಲಿತವರು. ಇದನ್ನು ಮೊದಲೇ ಹೇಳಿಬಿಡಬೇಕು. ತುಳು ಮನೆಯ ನಾನು ಮಲಯಾಳ ಮನೆಯ ಹುಡುಗಿಯೊಬ್ಬಳ ಕನ್ನಡಕ್ಕೆ ನಕ್ಕವನು.

ಅವಳು ಜುಲೈ ತಿಂಗಳಿನಲ್ಲಿ ಬಂದು ಸೇರಿದಳು. ಮನೆಯ ಹತ್ತಿರದ ಕಿರಿಯ ಶಾಲೆಯಲ್ಲಿ ಕನ್ನಡ ವಿಭಾಗವೊಂದೇ ಇದ್ದುದರಿಂದ ಅದರಲ್ಲೇ ಓದುತ್ತಾ ಬಂದಿದ್ದಳು. ಮೊದಲ ದಿನ ಪದ್ಯ ಓದಲು ಎದ್ದು ನಿಂತಾಗ ‘ಆಕಾಶ’ ಎಂಬುದನ್ನು ‘ಆಗಾಶ’ ಎಂದಳು. ಹಿಂದಿನ ಬೆಂಚಿನಿಂದ ನಾನು ಅದನ್ನೇ ಅವಳ ಧ್ವನಿಯಲ್ಲಿ ಹೇಳಿದೆ. ತರಗತಿ ನಕ್ಕಿತು. ವಾರ ಕಳೆಯುವುದರೊಳಗೆ ಅವಳ ಹೆಸರೇ ‘ಆಗಾಶ’ ಎಂದಾಯಿತು. ಬುತ್ತಿ ತೊಳೆಯುವ ನಳ್ಳಿಯ ಬಳಿ, ಬಸ್ಸಿಗೆ ಕಾಯುವ ಕಟ್ಟೆಯಲ್ಲಿ, ಕೆಳಗಿನ ತರಗತಿಯ ಮಕ್ಕಳೂ ಹಾಗೆಯೇ ಕರೆಯತೊಡಗಿದರು. ಅವಳು ಓದಲು ಎದ್ದೇಳುವುದನ್ನೇ ನಿಲ್ಲಿಸಿದಳು. ಒಮ್ಮೆ ಮಾತ್ರ ನನ್ನತ್ತ ತಿರುಗಿ, ತನ್ನ ಮಾತಿನಲ್ಲಿ, “ಎನ್ನೆ ಕಳಿಯಾಕ್ಕಲ್ಲೆ” ಎಂದಳು. ಆಗ ಬಾಗಿಲಲ್ಲಿ ಪಂಡಿತರು ನಿಂತಿದ್ದರು.

ಕನ್ನಡ ಅಧ್ಯಾಪಕರನ್ನು ನಾವು ಪಂಡಿತರು ಎನ್ನುತ್ತಿದ್ದೆವು. ಏನು ನಡೆಯಿತೆಂದು ಅವರು ಕೇಳಿದರು. “ಕುಶಾಲಿಗೆ ಹೇಳಿದ್ದು ಸಾರ್” ಎಂದೆ. ನಮ್ಮ ಕಡೆಯಲ್ಲಿ ಕುಶಾಲು ಎಂದರೆ ತಮಾಷೆ. ಎಷ್ಟು ದೊಡ್ಡ ತಪ್ಪಾದರೂ ಆ ಒಂದು ಮಾತಿನ ಹಿಂದೆ ಅಡಗಿಕೊಳ್ಳಬಹುದು.

ಅವರು ಬೆತ್ತ ತೆಗೆಯಲಿಲ್ಲ. ಹಲಗೆಯ ಮೇಲೆ ಎರಡು ವಾಕ್ಯ ಬರೆದರು. ‘ನಾನು ಅವಳೊಂದಿಗೆ ತಮಾಷೆ ಮಾಡಿದೆ.’ ‘ನಾನು ಅವಳನ್ನು ಗೇಲಿ ಮಾಡಿದೆ.’ ಎರಡರ ವ್ಯತ್ಯಾಸ ಹೇಳು ಎಂದರು. ನನಗೆ ಹೊಳೆಯಲಿಲ್ಲ. ಅವರೇ ಸೀಮೆಸುಣ್ಣದಿಂದ ‘ಒಂದಿಗೆ’, ‘ಅನ್ನು’ ಎಂಬ ತುಂಡುಗಳ ಕೆಳಗೆ ಗೆರೆ ಎಳೆದರು. ಮೊದಲನೆಯದರಲ್ಲಿ ಅವಳು ನಿನ್ನ ಜೊತೆಗೆ ಇದ್ದಾಳೆ, ಎರಡನೆಯದರಲ್ಲಿ ಅವಳು ಕರ್ಮಪದ ಎಂದರು. ಗೇಲಿ, ಲೇವಡಿ, ಅಣಕ, ಅಪಹಾಸ್ಯ, ಹೀಯಾಳಿಸು, ಮೂದಲಿಸು, ಛೇಡಿಸು ಎಂದು ಒಂದರ ಕೆಳಗೊಂದು ಬರೆದು, ಪ್ರತಿಯೊಂದಕ್ಕೂ ‘ಅವಳನ್ನು’ ಸೇರಿಸಿ ಓದಿಸಿದರು. ಎಲ್ಲವೂ ದ್ವಿತೀಯಾ ವಿಭಕ್ತಿಯನ್ನೇ ಬೇಡುತ್ತಿದ್ದವು. “ಅವಳು ಈಗ ಹೇಳಿದ ಮಾತಿನಲ್ಲಿ ‘ಎನ್ನೆ’ ಎಂದರೇನು?” ಎಂದು ಮಲಯಾಳ ಬಲ್ಲ ಇನ್ನೊಬ್ಬನನ್ನು ಕೇಳಿದರು. ‘ನನ್ನನ್ನು’ ಎಂದ ಅವನು. ‘ಕಳಿ’ ಎಂದರೆ ಆಟ, ‘ಕಳಿಯಾಕ್ಕು’ ಎಂದರೆ ಆಟದ ವಸ್ತುವಾಗಿಸು. ಅವಳು ವ್ಯಾಕರಣ ತಪ್ಪದೆಯೇ ದೂರು ಕೊಟ್ಟಿದ್ದಳು.

ತಮಾಷೆಯೂ ಈ ಗೆರೆ ದಾಟುವುದುಂಟು. ‘ಅವನನ್ನು ತಮಾಷೆ ಮಾಡಿದರು’ ಎಂದು ನಾವು ಹೇಳುತ್ತೇವಲ್ಲ, ಆಗ ಅದರಲ್ಲಿ ತಮಾಷೆ ಉಳಿದಿರುವುದಿಲ್ಲ. ಇದು ಅಂದಿನ ಪಾಠದಲ್ಲಿ ಇರಲಿಲ್ಲ, ನಾನು ಅನಂತರ ಕಂಡುಕೊಂಡದ್ದು.

ಆಮೇಲೆ ಅವರು ನಮ್ಮ ವ್ಯಾಕರಣ ಪುಸ್ತಕವನ್ನು ತೆರೆಸಿದರು. ತತ್ಸಮ–ತದ್ಭವಗಳ ಪಟ್ಟಿಯಲ್ಲಿ ‘ಆಕಾಶ’ದ ಎದುರಿಗೆ ಏನಿದೆ ಎಂದು ನನ್ನಿಂದಲೇ ಓದಿಸಿದರು. ‘ಆಗಸ’ ಎಂದಿತ್ತು. ಪರೀಕ್ಷೆಗಾಗಿ ಉರು ಹೊಡೆದಿದ್ದ ಪದ, ಎಷ್ಟೋ ಸಲ ಬರೆದಿದ್ದೆ. ಸಂಸ್ಕೃತದ ಕಕಾರ ಎರಡು ಸ್ವರಗಳ ನಡುವೆ ಸಿಕ್ಕಿಕೊಂಡಾಗ ಮೆತ್ತಗಾಗಿ ಗಕಾರವಾಗುವುದನ್ನು ಕನ್ನಡವು ಎಂದೋ ಒಪ್ಪಿಕೊಂಡು ಕಾವ್ಯದಲ್ಲಿಯೂ ಇರಿಸಿಕೊಂಡಿದೆ. ಮಲಯಾಳದವರು ‘ಆಕಾಶಂ’ ಎಂದು ಬರೆದರೂ ಬಾಯಿಯಲ್ಲಿ ಆ ಕಕಾರವನ್ನು ಮೃದುಗೊಳಿಸಿಯೇ ನುಡಿಯುತ್ತಾರೆ. ನೀನು ನಕ್ಕದ್ದು ನಿನ್ನ ಭಾಷೆಯೇ ಮಾಡಿದ ಕೆಲಸಕ್ಕೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ನನ್ನ ಕಿವಿ ಕಾದಿತ್ತು. ಇಂದಿಗೂ ಪತ್ರಿಕೆಯಲ್ಲೋ ಪದ್ಯದಲ್ಲೋ ‘ಆಗಸ’ ಕಂಡರೆ ನನಗೆ ಆ ತರಗತಿಯ ಹೆಂಚಿನ ಮೇಲೆ ಸುರಿಯುತ್ತಿದ್ದ ಮಳೆಯ ಸದ್ದು ಕೇಳಿಸುತ್ತದೆ.

ಆ ಹಲಗೆಯ ಪದಗಳು ಒಂದೇ ದಿನಕ್ಕೆ ಮುಗಿಯಲಿಲ್ಲ. ಅಣಕ ಎಂದರೆ ಅನುಕರಣೆಯೂ ಹೌದು. ಅಣಕು ಸಂಸತ್ತು, ಅಣಕು ಮತದಾನ ಎಂಬಲ್ಲಿ ಅದರಿಂದ ಯಾರಿಗೂ ನೋವಿಲ್ಲ. ಆದರೆ ಒಬ್ಬರ ನಡಿಗೆಯನ್ನು, ತೊದಲನ್ನು, ಉಚ್ಚಾರಣೆಯನ್ನು ಅವರೆದುರೇ ಮಾಡಿ ತೋರಿಸಿದರೆ ಅದಕ್ಕೂ ಹೆಸರು ಅಣಕವೇ. ನಾನು ಮಾಡಿದ್ದಕ್ಕೆ ಒಪ್ಪುವ ಪದ ಅದು. ಕೊಂಕು ಎಂದರೆ ಡೊಂಕು, ಮಾತು ನೇರವಾಗಿ ಬಾರದೆ ಬಾಗಿ ಬಂದು ತಾಗುತ್ತದೆ. ಹಂಗಿಸುವುದರ ಒಳಗೆ ಹಂಗು ಇದೆ. ಮಾಡಿದ ಉಪಕಾರವನ್ನು ಎತ್ತಿ ಆಡಿ ಚುಚ್ಚುವುದಕ್ಕೆ ನಮ್ಮ ಹಿರಿಯರು ಬೇರೆಯೇ ಒಂದು ಪದ ಮಾಡಿಟ್ಟಿದ್ದಾರೆಂದರೆ, ಉಂಡ ಮನೆಯ ಅನ್ನ ಎಷ್ಟು ಜನರ ಗಂಟಲಲ್ಲಿ ಸಿಕ್ಕಿಕೊಂಡಿರಬೇಕು! ನಾಟ್ಯಶಾಸ್ತ್ರದ ಆರು ಬಗೆಯ ನಗುವನ್ನು ನಾನು ಮೊದಲು ಕೇಳಿದ್ದೂ ಅಲ್ಲಿಯೇ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಅಪಹಸಿತವೆಂದರೆ ನಗಬಾರದ ಸ್ಥಳದಲ್ಲಿ, ಕಣ್ಣಲ್ಲಿ ನೀರು ಬರುವಂತೆ, ಹೆಗಲು–ತಲೆಗಳು ಅದುರುವಂತೆ ನಗುವ ನಗು ಎಂದು ಭರತ ಹೇಳುತ್ತಾನೆ. ನಮ್ಮ ಬೆಂಚು ನಕ್ಕದ್ದು ಹಾಗೆಯೇ.

‘ಮೂದಲಿಕೆ’ಯ ದಿನ ಒಬ್ಬ ಹುಡುಗ ಎದ್ದು, ಹಾಗಾದರೆ ತಾಳಮದ್ದಳೆಯಲ್ಲಿ ಭೀಮ ಕೌರವನನ್ನು ಮೂದಲಿಸುವುದು ತಪ್ಪೇ ಎಂದು ಕೇಳಿದ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯ ಮಕ್ಕಳಿಗೆ ಇದು ನಿಜವಾದ ಸಂದೇಹ. ಗದಾಯುದ್ಧ ಪ್ರಸಂಗದಲ್ಲಿ ಸರೋವರದೊಳಗೆ ಅಡಗಿದ ಕೌರವನನ್ನು ಹೊರಗೆ ತರುವುದು ಭೀಮನ ಮೂದಲಿಕೆಯೇ. ಅದನ್ನು ಕೇಳುವುದಕ್ಕೆಂದೇ ನಾವು ನಿದ್ದೆಗೆಟ್ಟು ದೇವಸ್ಥಾನದ ಅಂಗಳದಲ್ಲಿ ಕೂರುತ್ತಿದ್ದೆವು. ಪಂಡಿತರು ಸ್ವತಃ ತಾಳಮದ್ದಳೆಯಲ್ಲಿ, ಭಾಗವತರು ಹಾಡಿದ ಪದ್ಯಕ್ಕೆ ಪಾತ್ರವಾಗಿ ಅರ್ಥ ಹೇಳುತ್ತಿದ್ದವರು. ಸ್ವಲ್ಪ ಹೊತ್ತು ಯೋಚಿಸಿ, “ಕೌರವನ ಕೈಯಲ್ಲಿಯೂ ಗದೆ ಇದೆ. ಭಾಗವತರು ಅವನಿಗೂ ಪದ್ಯ ಕೊಡುತ್ತಾರೆ” ಎಂದರು. ಯಾರೂ ಮಾತನಾಡಲಿಲ್ಲ. ನಾನು ಅವಳಿದ್ದ ಬೆಂಚಿನ ಕಡೆಗೆ ನೋಡಲಾರದೆ ಹೋದೆ.

ಪದವಿಗೆಂದು ಮೈಸೂರಿಗೆ ಹೋದಾಗ ನನ್ನ ‘ಎಂತ’ವನ್ನೂ ನಾನು ‘ಹೋಗುವುದು, ಬರುವುದು’ ಎಂದು ಪೂರ್ತಿಯಾಗಿ ನುಡಿಯುವುದನ್ನೂ ವಿದ್ಯಾರ್ಥಿನಿಲಯದ ಗೆಳೆಯರು ಆಡಿಕೊಂಡರು. ಎರಡು ತಿಂಗಳು ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದೆ. ಅವಳು ಒಂದು ವರ್ಷವಿಡೀ ಹಾಗೆ ಇದ್ದಳು.

ಎಂಟನೆಯ ತರಗತಿಯ ಆ ವರ್ಷದ ಕೊನೆಗೆ ಪಂಡಿತರು ಆ ಪದಗಳನ್ನೆಲ್ಲ ಸ್ವಂತ ವಾಕ್ಯದಲ್ಲಿ ಪ್ರಯೋಗಿಸಿ ತರಲು ಹೇಳಿದ್ದರು. ನಾನು ಬಹಳ ಎಚ್ಚರಿಕೆಯಿಂದ, ಮನಸ್ಸಿನಲ್ಲಿದ್ದುದನ್ನೇ ಬರೆದೆ: ‘ಒಬ್ಬ ಹುಡುಗಿ ತರಗತಿಯಲ್ಲಿ ಅಪಹಾಸ್ಯಕ್ಕೆ ಒಳಗಾದಳು.’ ಕ್ಷಮೆ ಕೇಳಿದಷ್ಟೇ ಆಯಿತು ಎಂದುಕೊಂಡಿದ್ದೆ. ಪುಸ್ತಕ ಮರಳಿ ಬಂದಾಗ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಎರಡು ಪದಗಳಿದ್ದವು: ‘ಕರ್ತೃ ಎಲ್ಲಿ?’

ನಗೆಗೀಡಾಗು, ನಗೆಪಾಟಲಾಗು, ಗೇಲಿಗೆ ಗುರಿಯಾಗು, ಲೇವಡಿಗೆ ತುತ್ತಾಗು. ಪತ್ರಿಕೆಗಳಲ್ಲಿ ಇಂತಹ ವಾಕ್ಯಗಳನ್ನು ದಿನವೂ ಓದುತ್ತೇನೆ. ನಕ್ಕವರು ಅಲ್ಲಿ ಇರುವುದೇ ಇಲ್ಲ. ಮಳೆ ಬಂದ ಹಾಗೆ, ಜ್ವರ ಹಿಡಿದ ಹಾಗೆ ನಗು ಎಲ್ಲಿಂದಲೋ ಬಂದು ಯಾರ ಮೇಲೋ ಬೀಳುತ್ತದೆ. ಕನ್ನಡದಲ್ಲಿ ಇಷ್ಟು ಸುಲಭವಾಗಿ ತಲೆಮರೆಸಿಕೊಳ್ಳಬಹುದು ಎಂದು ನನಗೆ ತೋರಿಸಿಕೊಟ್ಟವರು ಅವರೊಬ್ಬರೇ.

ತಿದ್ದಿ ಬರೆದುಕೊಂಡು ಹೋಗಬೇಕಿತ್ತು. ಅಷ್ಟರಲ್ಲಿ ಪರೀಕ್ಷೆ ಬಂತು, ಶಾಲೆ ಮುಚ್ಚಿತು, ಜೂನ್ ತಿಂಗಳಿನಲ್ಲಿ ಅವಳು ಬೇರೆ ಶಾಲೆಗೆ ಹೋದಳೆಂದು ತಿಳಿಯಿತು. ಪಂಡಿತರು ಈಗ ಇಲ್ಲ. ನಮ್ಮ ಶಾಲೆಯ ಈ ಸಂಚಿಕೆಯನ್ನು ಅಲ್ಲಿ ಒಂದೇ ವರ್ಷ ಓದಿ ಹೋದವರಿಗೂ ಕಳುಹಿಸುತ್ತೇವೆಂದು ಸಂಪಾದಕರು ಹೇಳಿದ್ದಾರೆ. ಆದ್ದರಿಂದ ಆ ವಾಕ್ಯವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಎಂಟನೆಯ ತರಗತಿಯಲ್ಲಿ ನಾನು ಅವಳನ್ನು ಅಪಹಾಸ್ಯ ಮಾಡಿದೆನು.